ಅಮ್ಮನನ್ನೂ ದೊಡ್ಡಮ್ಮನನ್ನೂ ಎದುರುಬದುರು ಕೂರಿಸಿದ್ದು

ಪತ್ರಿಕೋದ್ಯಮದ ಎರಡನೇ ವರ್ಷದಲ್ಲಿ ನಮಗೊಂದು ವಿಡಿಯೊ ಪ್ರಾಜೆಕ್ಟ್ ಕೊಟ್ಟಿದ್ದರು. ಇಬ್ಬರು ಕೂತು ಮಾತಾಡುವ ದೃಶ್ಯ. ತುಂಡು ತುಂಡಾಗಿ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಒಂದೇ ಓಟದಲ್ಲಿ ನಡೆದಂತೆ ಜೋಡಿಸಬೇಕು. ಟೈಲರಿಂಗ್ ಅಂಗಡಿ ಇಡುತ್ತೇನೆನ್ನುವ ತಂಗಿ, ಬೇಡವೆನ್ನುವ ಅಕ್ಕ, ಇಷ್ಟೇ ನಾನು ಬರೆದ ಕಥೆ. ತಂಗಿಯಾಗಲು ಅಮ್ಮ ಒಪ್ಪಿದಳು. ಅಕ್ಕನೆಂದರೆ ಭದ್ರಾವತಿಯ ನ್ಯೂ ಟೌನಿನಲ್ಲಿರುವ ದೊಡ್ಡಮ್ಮನ ಮುಖವೇ ಕಣ್ಣೆದುರು ಬರುತ್ತಿತ್ತು. ಆದರೆ ಅವರಿಬ್ಬರ ನಡುವೆ ಮಾತಿರಲಿಲ್ಲ. ತನ್ನ ಮಗನ ಮದುವೆಗೆ ದೊಡ್ಡಮ್ಮ ಮನೆಗೆ ಬಂದು ಕರೆಯದೆ ಫೋನಿನಲ್ಲೇ ಕರೆದಳೆಂದು ಅಮ್ಮ ಹೋಗಿರಲಿಲ್ಲ.

“ಅವಳು ಅಲ್ಲೇ ಇರಲಿ, ನಾನು ಇಲ್ಲೇ ಇರ್ತೀನಿ. ನಿನ್ನ ಕಂಪ್ಯೂಟರಲ್ಲಿ ಒಟ್ಟಿಗೆ ಕೂರಿಸ್ಕೋ,” ಎಂದಳು ಅಮ್ಮ.

ನನಗೂ ಅದೇ ಸುಲಭ ಅನ್ನಿಸಿತು. ಆಮೇಲೆ ಕಂಪ್ಯೂಟರಿನಲ್ಲಿ ಇಬ್ಬರ ಹಿಂದೆಯೂ ಒಂದೇ ಕೋಣೆ ಹಾಕಲೆಂದು ನಮ್ಮೂರ ಗಾಂಧಿ ಬಜಾರಿನಿಂದ ಹಸಿರು ಪರದೆ ಬಟ್ಟೆ ತಂದು ಎರಡು ತುಂಡು ಮಾಡಿದೆ. ಒಂದನ್ನು ರವೀಂದ್ರನಗರದ ನಮ್ಮ ಮನೆಯಲ್ಲಿ ಅಮ್ಮನ ಹಿಂದೆ, ಇನ್ನೊಂದನ್ನು ಭದ್ರಾವತಿಯಲ್ಲಿ ದೊಡ್ಡಮ್ಮನ ಹಿಂದೆ ಕಟ್ಟಿ, ಬೇರೆ ಬೇರೆ ದಿನ ಶೂಟ್ ಮಾಡಿಕೊಂಡೆ.

ಕಾಲೇಜಿನ ಲ್ಯಾಬಿನಲ್ಲಿ ನೋಡಿದ ಮೇಡಂ, “ಇಬ್ಬರೂ ಎಡಕ್ಕೇ ನೋಡ್ತಿದ್ದಾರಲ್ಲಮ್ಮ. ಯಾರ ಜೊತೆ ಮಾತಾಡ್ತಿದ್ದಾರೆ?” ಎಂದರು. ಹಾಳೆಯ ಮೇಲೆ ಎರಡು ತಲೆ ಬರೆದು ನಡುವೆ ಗೆರೆ ಎಳೆದರು. ಕ್ಯಾಮೆರಾ ಆ ಗೆರೆಯ ಒಂದೇ ಬದಿಗಿರಬೇಕು. ಆಗ ಒಬ್ಬಳು ಎಡಕ್ಕೆ, ಇನ್ನೊಬ್ಬಳು ಬಲಕ್ಕೆ ನೋಡುತ್ತಾಳೆ. ನಾನು ಗೆರೆ ದಾಟಿಬಿಟ್ಟಿದ್ದೆ. ಸಾಲದ್ದಕ್ಕೆ ದೊಡ್ಡಮ್ಮನ ಕೈಯ ಕಾಫಿ ಲೋಟ ಒಂದು ಶಾಟಿನಲ್ಲಿ ತುಟಿಯ ಹತ್ತಿರ, ಮುಂದಿನದರಲ್ಲಿ ತೊಡೆಯ ಮೇಲೆ.

ಸೋಮವಾರ ಒಪ್ಪಿಸಬೇಕಿತ್ತು. ಕೂತಲ್ಲಿ ಕೂರಲಾಗದೆ ಮತ್ತೆ ಭದ್ರಾವತಿಗೆ ಓಡಿದೆ. ಬಲಕ್ಕೆ ನೋಡು ಎಂದರೆ ದೊಡ್ಡಮ್ಮನ ಕಣ್ಣು ಕಿಟಕಿ, ಕ್ಯಾಲೆಂಡರ್ ಎಲ್ಲ ಸುತ್ತಿ ಬರುತ್ತಿತ್ತು. “ಗೋಡೆ ಹತ್ರ ಹೆಂಗೆ ಮಾತಾಡೋದು ಮಾರಾಯ್ತಿ?” ಎಂದು ಲೋಟ ಕೆಳಗಿಟ್ಟಳು.

ಮಾರನೇ ದಿನ ಅಮ್ಮನನ್ನು ಗೋಗರೆದೆ. “ಕ್ಯಾಮೆರಾ ಪಕ್ಕ ಸುಮ್ನೆ ಕೂತ್ಕೋ ಸಾಕು. ದೊಡ್ಡಮ್ಮಂಗೆ ನೋಡೋಕೊಂದು ಮುಖ ಬೇಕು.” ಹೇಗೋ ಬಸ್ ಹತ್ತಿದಳು. ದಾರಿಯುದ್ದಕ್ಕೂ ಬ್ಯಾಟರಿ ಇದೆಯೋ ಇಲ್ಲವೋ ಎಂದು ನಾನು ಬ್ಯಾಗ್ ತೆಗೆದು ತೆಗೆದು ನೋಡಿದೆ.

ಕ್ಯಾಮೆರಾ ಆನ್ ಮಾಡಿದೆ. ದೊಡ್ಡಮ್ಮ ತಂಗಿಯನ್ನು ನೋಡಿದಳು, ಹೇಳಬೇಕಾದ್ದು ಮರೆತಳು.

“ಎಷ್ಟು ಸಣ್ಣಗಾಗಿದೀಯಲ್ಲೇ,” ಎಂದಳು.

“ಅದು ಡೈಲಾಗಲ್ಲ,” ಎಂದಳು ಅಮ್ಮ.

ಜಗಳವಾದೀತೆಂದು ಹೆದರಿದೆ. ಆಗಲಿಲ್ಲ. ದೊಡ್ಡಮ್ಮ ನಾನು ಬರೆದದ್ದನ್ನೇ ಹೇಳಿದಳು, ಆದರೆ ಈ ಸಲ ನಿಜಕ್ಕೂ ಯಾರನ್ನೋ ತಡೆಯುವವಳಂತೆ. ಅಮ್ಮ ಕಾಫಿ ಕುಡಿದಳು, ಊಟಕ್ಕೆ ನಿಲ್ಲಲಿಲ್ಲ.

ಎಡಿಟಿಂಗಿನಲ್ಲಿ, ದೂರದ ಶಾಟಿನಲ್ಲಿ ದೊಡ್ಡಮ್ಮನ ಲೋಟ ಮೇಲೇಳುತ್ತಿರುವಾಗಲೇ ಕತ್ತರಿಸಿ, ಹತ್ತಿರದ ಶಾಟಿನಲ್ಲಿ ಅದೇ ಲೋಟ ತುಟಿಗೆ ಬರುವಂತೆ ಜೋಡಿಸಿದೆ. ಚೂರು ಹೆಚ್ಚುಕಡಿಮೆಯಾದರೂ ಕೈ ಎಗರಿದಂತೆ ಕಾಣುತ್ತಿತ್ತು. ಭಾನುವಾರವೆಲ್ಲ ಆ ಕೈಯನ್ನೇ ನೋಡಿದೆ. ಡೈಲಾಗಲ್ಲದ ಆ ಮಾತಿಗೆ ಎಲ್ಲೂ ಜಾಗ ಸಿಗಲಿಲ್ಲ. “ಕಟ್ ಮಾಡಿದ್ದೇ ಗೊತ್ತಾಗಲ್ಲ,” ಎಂದರು ಮೇಡಂ ಸೋಮವಾರ.

ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ತನ್ನ ಪಾತ್ರದ ಬಗ್ಗೆ ಏನೂ ಹೇಳಲಿಲ್ಲ. “ಅಕ್ಕನ ಕೈ ನಡುಗ್ತಿದೆಯಲ್ಲೇ. ಡಾಕ್ಟರಿಗೆ ತೋರಿಸಿದ್ದಾಳಾ?” ಎಂದಳು. ಅಷ್ಟು ನೋಡಿದ್ದ ನನಗೆ ಅದು ಕಂಡಿರಲಿಲ್ಲ.

“ನೀನೇ ಕೇಳಮ್ಮ,” ಎಂದೆ.

ಮರುದಿನ ಸಂಜೆ ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದಳು. ಡಾಕ್ಟರ ವಿಷಯವೊಂದನ್ನೇ ಮಾತಾಡಿದಳು. ಎಲ್ಲಿ ಇಬ್ಬರೂ ಸುಮ್ಮನಾಗಿಬಿಡುತ್ತಾರೋ ಎಂದು ಕಿವಿಗೊಟ್ಟು, ನಾನು ಒಳಗೆ ಅತ್ತಿಂದಿತ್ತ ಓಡಾಡುತ್ತಿದ್ದೆ.