ಹೊನ್ನೆ ಹಲಗೆಯ ಪೀಪಾಯಿ

ಯಶವಂತಪುರದ ಕಡೆಯಿಂದ ಬಂದ ಗೂಡ್ಸ್ ಗಾಡಿಯ ಸದ್ದು ದೂರವಾಗುವವರೆಗೆ ಮುನಿಯಲ್ಲಪ್ಪ ಕೊಡತಿಯನ್ನು ಎತ್ತುವುದಿಲ್ಲ. ಸದ್ದು ಅಡಗಿದ ಮೇಲೆ ಮೊದಲ ಪೀಪಾಯಿಯ ಹೊಟ್ಟೆಗೆ ಮೆಲ್ಲನೆ ಒಂದು ಏಟು ಹಾಕಿ ಕಿವಿಗೊಡುತ್ತಾರೆ. ಅದಕ್ಕಿಂತ ಸ್ವಲ್ಪ ಮೇಲೆ ಇನ್ನೊಂದು ಏಟು. ಮಂದವಾದ ಸದ್ದು ಎಲ್ಲಿ ಟೊಳ್ಳಾಗುತ್ತದೋ ಅಲ್ಲಿಯವರೆಗೆ ಒಳಗೆ ವಿಸ್ಕಿ ಇದೆ ಎಂದರ್ಥ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತುಮಕೂರು ರಸ್ತೆಯಲ್ಲಿ ಸೊಪ್ಪಿನ ಗಾಡಿಗಳು ಪೇಟೆಯ ಕಡೆ ಸಾಗುತ್ತಿವೆ. ಈ ತಗಡಿನ ಗೋದಾಮಿನೊಳಗೆ ಮಾತ್ರ ರಾತ್ರಿಯ ಕಾವು ಹಾಗೇ ಕೂತಿದೆ, ಬಾಗಿಲು ದಾಟಿದ ಕೂಡಲೇ ನನ್ನ ಕಣ್ಣು ಉರಿಯತೊಡಗುತ್ತದೆ.

"ಸುಮ್ಕಿರಿ ಸ್ವಾಮಿ, ನೀವು ಉಸ್ರು ಬುಟ್ರೂ ನಂಗೆ ಕೇಳಾಕಿಲ್ಲ" ಎಂದು ನನ್ನನ್ನು ಗದರುತ್ತಾರೆ. ಪತ್ರಿಕೆಯವನೆಂಬ ದಾಕ್ಷಿಣ್ಯವೇನೂ ಅವರಿಗಿಲ್ಲ.

ಸಾಲು ಮುಗಿಯುತ್ತದೆ. ಮೂಲೆಯಲ್ಲಿರುವ ಒಂದು ಪೀಪಾಯಿಗೆ ಮಾತ್ರ ಅವರು ಕೊಡತಿ ಮುಟ್ಟಿಸುವುದಿಲ್ಲ. ನಾನು ಬಂದಿರುವುದೇ ಅದಕ್ಕಾಗಿ. ಇವತ್ತು ಅದನ್ನು ತೆರೆಯುತ್ತಾರೆ. ಯಾಕೆ ಅದನ್ನು ಬಿಟ್ಟಿರಿ ಎಂದರೆ ಮುಖ ತಿರುಗಿಸಿ, "ಅದು ಐತೆ ಬುಡಿ" ಅನ್ನುತ್ತಾರೆ.

ಮುನಿಯಲ್ಲಪ್ಪ ನಾಗಸಂದ್ರದವರು. ಹುಡುಗನಾಗಿದ್ದಾಗ ಯಶವಂತಪುರದಲ್ಲಿ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಾ ತೊಡಿಸುವ ಕೆಲಸ ಕಲಿತರು. ಚಕ್ರಕ್ಕೆ ಪಟ್ಟಾ ತೊಡಿಸುವವನು ಪೀಪಾಯಿಗೂ ತೊಡಿಸಬಲ್ಲ ಎಂದು ಆಗಿನ ದೊರೆ ಅವರನ್ನು ಈ ಕಾರ್ಖಾನೆಗೆ ಕರೆತಂದ. ದೊರೆ ಮಂಜು ಬೀಳುವ ಸೀಮೆಯವನು, ವಿಸ್ಕಿ ಇಳಿಸುವುದರಲ್ಲಿ ನಿಪುಣ, ಕೋಪಿಷ್ಠ. ಒಮ್ಮೆ ಸೀಮೆಯಿಂದ ಬಂದ ಓಕ್ ಮರದ ಪೀಪಾಯಿಯ ಹಲಗೆಯೊಂದು ಸೀಳಿತು. ಬದಲಿ ಹಲಗೆ ಇರಲಿಲ್ಲ. ಮುನಿಯಲ್ಲಪ್ಪ ಯಾರನ್ನೂ ಕೇಳದೆ, ಗಾಡಿಯ ಕೆಲಸದವರ ಬಳಿ ಸಿಕ್ಕ ಹೊನ್ನೆಯ ಹಲಗೆಯನ್ನು ಕೆತ್ತಿ ಕೂರಿಸಿಬಿಟ್ಟರು.

"ದೊರೆ ನೋಡಿ ಕುಣಿದಾಡ್ಬುಟ್ಟ. ಕೆಲ್ಸ ಓಯ್ತು ಅನ್ಕಂಡೆ. ಒಂದು ಮಳೆಗಾಲ ಕಳದ ಮ್ಯಾಕೆ ಬಿರಡೆ ತೆಗ್ದು ಮೂಸಿದ. ಆಮ್ಯಾಕೆ ನನ್ ಬೆನ್ ತಟ್ದ."

ದೊರೆ ಅಂದು ಹೇಳಿದ್ದು ಇಷ್ಟು: ಇದನ್ನು ಯಾವುದರ ಜೊತೆಗೂ ಬೆರೆಸಬೇಡ, ಇದು ಒಂಟಿಯಾಗಿಯೇ ಸೀಸೆಗೆ ಹೋಗಬೇಕು. ಅವಸರ ಬೇಡ, ಬಿಟ್ಟಷ್ಟೂ ಒಳ್ಳೆಯದು. ಹೇಳಿದವನು ಮರುವರ್ಷ ಹಡಗು ಹತ್ತಿದ, ಪೀಪಾಯಿ ಈ ಮೂಲೆಯಲ್ಲೇ ಉಳಿಯಿತು.

ಉಳಿದ ಪೀಪಾಯಿಗಳದ್ದೆಲ್ಲ ಒಂದೇ ದಾರಿ. ಎಲ್ಲವನ್ನೂ ದೊಡ್ಡ ಟ್ಯಾಂಕಿಗೆ ಸುರಿದು ಬೆರೆಸುತ್ತಾರೆ, ಎಲ್ಲ ಸೀಸೆಗೂ ಒಂದೇ ರುಚಿ ಬರಲೆಂದು. ಒಂಟಿ ಪೀಪಾಯಿಯ ವಿಸ್ಕಿಗೆ ಆ ರಕ್ಷಣೆಯಿಲ್ಲ. ಆ ಮರ, ಆ ಮೂಲೆ, ಆ ಬಿಸಿಲು ಏನು ಕೊಟ್ಟವೋ ಅದೇ. ನನಗಿದು ತಲೆಗೆ ಹೋಗಲಿಲ್ಲ. ಮುನಿಯಲ್ಲಪ್ಪ ಬಿಡಿಸಿ ಹೇಳುತ್ತಾರೆ. "ಅತ್ತು ಮನೆ ಸಾರು ಒಂದೇ ಪಾತ್ರೆಗುಯ್ದ್ರೆ ಒಟ್ಟೆ ತುಂಬ್ತದೆ. ಯಾರ ಕೈರುಚಿ ಅಂತ ಗೊತ್ತಾಗಾಕಿಲ್ಲ. ಇದು ಒಂದೇ ಮನೆ ಸಾರು."

ಕುಡಿದು ನೋಡಿದ್ದೀರಾ ಎಂದರೆ ಕೆನ್ನೆ ಬಡಿದುಕೊಳ್ಳುತ್ತಾರೆ. ಎರಡು ಹನಿ ಅಂಗೈಗೆ ಹಾಕಿ ಉಜ್ಜುತ್ತಾರೆ, ಕಾಯುತ್ತಾರೆ, ಮೂಸುತ್ತಾರೆ. ಅಷ್ಟೇ. ಮೊದಲು ಏಳುವ ಘಾಟು ಲೆಕ್ಕಕ್ಕಿಲ್ಲವಂತೆ, ಅದು ಹಾರಿಹೋದ ಮೇಲೆ ಕೈಯಲ್ಲಿ ಉಳಿಯುವುದೇ ಪೀಪಾಯಿಯ ಗುಣ.

ಇವರು ಕುಡಿಯುವುದಿಲ್ಲವೆಂದು ಲೋಕ ನಂಬಬೇಕಲ್ಲ! ಅವರ ಮೈಗೆ ಗೋದಾಮಿನ ವಾಸನೆ ಅಂಟಿಕೊಂಡಿದೆ. ಹೆಂಡತಿ ಅಂಜಿನಮ್ಮ ಅವರ ಅಂಗಿಯನ್ನು ದೇವರ ಗೂಡಿನ ಹತ್ತಿರ ತೂಗಹಾಕಲು ಬಿಡುವುದಿಲ್ಲ. ಮಗಳನ್ನು ನೋಡಲು ಚಿಕ್ಕಜಾಲದಿಂದ ಬಂದವರು, ಮಾವನಾಗುವವನು ಹತ್ತಿರ ಬಂದು ಕೂತ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಾಫಿ ಲೋಟ ಹಾಗೇ ಇಟ್ಟು ಎದ್ದುಹೋದರು. ಜೊತೆಗಿದ್ದ ಕೆಲಸಗಾರರು ಜಾಲಹಳ್ಳಿಯ ಹೊಸ ಕಾರ್ಖಾನೆಗಳಿಗೆ ಸೇರಿಕೊಂಡರು. ಇವರು ಹೋಗಲಿಲ್ಲ, ಮೂಲೆಯ ಪೀಪಾಯಿ ಇತ್ತಲ್ಲ.

ಈಗ ಮಾಲೀಕರು ಬದಲಾಗಿದ್ದಾರೆ. ಬಣ್ಣಕ್ಕೆ ಸುಟ್ಟ ಸಕ್ಕರೆ, ವಾಸನೆಗೆ ಎಸೆನ್ಸು ಇರುವಾಗ ವರ್ಷಗಟ್ಟಲೆ ಕಾಯುವ ಪೀಪಾಯಿ ಯಾಕೆ ಎನ್ನುವುದು ಅವರ ವಾದ. ಆದರೂ ಒಂದು ಮಾತು ಕೊಟ್ಟಿದ್ದಾರೆ. ಈ ಒಂಟಿ ಪೀಪಾಯಿಯದ್ದನ್ನು ಸೀಸೆಗೆ ತುಂಬಿ ಕ್ಲಬ್ಬುಗಳಿಗೆ ಕಳಿಸೋಣ, ಹಿಡಿಸಿದರೆ ಗೋದಾಮು ಉಳಿಯಲಿ, ಇಲ್ಲದಿದ್ದರೆ ಪೀಪಾಯಿಗಳು ಸೌದೆಗೆ. ಮುನಿಯಲ್ಲಪ್ಪನವರ ಕೆಲಸವೂ ಅದರೊಂದಿಗೇ ಹೋಗುತ್ತದೆ.

ಬಿಸಿಲೇರುವ ಹೊತ್ತಿಗೆ ಮ್ಯಾನೇಜರ್ ವೆಂಕಟಸ್ವಾಮಿ ಬರುತ್ತಾರೆ, ಅಬಕಾರಿ ಇನ್‌ಸ್ಪೆಕ್ಟರೂ ಬರುತ್ತಾರೆ. ಮುನಿಯಲ್ಲಪ್ಪನವರೇ ಬಿರಡೆ ಕೀಳುತ್ತಾರೆ. ಕೊಳವೆ ಇಳಿಬಿಟ್ಟರೆ ಏನೂ ಬರುವುದಿಲ್ಲ. ಇನ್ನೂ ಇಳಿಬಿಡುತ್ತಾರೆ. ಕೊನೆಗೆ ಇಬ್ಬರು ಹಿಡಿದು ಪೀಪಾಯಿಯನ್ನೇ ವಾಲಿಸಬೇಕಾಗುತ್ತದೆ. ಬಂದದ್ದು ಒಂದು ಬಕೆಟ್ಟು, ಅದೂ ಕಂಠದವರೆಗಿಲ್ಲ.

ಯಾರೂ ಕದ್ದಿಲ್ಲ. ಬಿಟ್ಟಷ್ಟೂ ಒಳ್ಳೆಯದು ಎಂಬ ಮಂಜಿನ ಸೀಮೆಯ ಮಾತನ್ನು ಮುನಿಯಲ್ಲಪ್ಪ ಈ ತಗಡಿನ ಕೆಳಗೆ ಪಾಲಿಸಿದ್ದಾರೆ. ಬೇಸಿಗೆ ಬೇಸಿಗೆಗೂ ಮರ ಕುಡಿದಿದೆ, ಗಾಳಿ ಕುಡಿದಿದೆ. ತೆಗೆಯೋಣವೇ ಎಂದು ಪ್ರತಿ ಯುಗಾದಿಗೆ ಮ್ಯಾನೇಜರು ಕೇಳಿದಾಗಲೂ ಇನ್ನೊಂದು ವರ್ಷ ಬಿಡಿ ಎಂದು ಬೇಡಿಕೊಂಡವರು ಇವರೇ. ಬಿರಡೆ ತೆಗೆದರೆ ಗಾಳಿ ಒಳನುಗ್ಗುತ್ತದೆ ಎಂದು ಅಳೆಯಲೂ ಬಿಟ್ಟಿಲ್ಲ. ಇವರ ಕಿವಿಯನ್ನು ಎಲ್ಲರೂ ನಂಬಿದ್ದರು.

"ಕೊಡತಿ ಹೇಳ್ತಿತ್ತಲ್ಲೋ ನಿಂಗೆ?" ವೆಂಕಟಸ್ವಾಮಿ ಕೇಳುತ್ತಾರೆ. ಬೈಗುಳವಾಗಿದ್ದರೆ ಚೆನ್ನಾಗಿತ್ತು, ಆ ದನಿಯಲ್ಲಿ ಬರೀ ಸುಸ್ತು.

"ಏಳ್ತಿತ್ತು ಸ್ವಾಮಿ. ಓದ್ ವರ್ಸದಿಂದ ಟೊಳ್ಳು ಅಂತಾನೇ ಏಳ್ತಿತ್ತು. ಕೇಳಿಸ್ಕಳಾಕೆ ಆಗ್ದೆ ಬಡಿಯೋದೇ ಬುಟ್ಬುಟ್ಟೆ."

ಗಾಜಿನ ಲೋಟದಲ್ಲಿ ಒಂದು ಗುಟುಕು ಹಾಕಿ ವೆಂಕಟಸ್ವಾಮಿ ನನಗೂ ಕೊಡುತ್ತಾರೆ. ಬಣ್ಣ ಕಾಸಿದ ಬೆಲ್ಲದ್ದು. ಎರಡು ಹನಿ ನೀರು ಬೆರೆಸಿ, ಮುನಿಯಲ್ಲಪ್ಪ ಹೇಳಿದಂತೆ ಘಾಟು ಇಳಿಯಲು ಬಿಟ್ಟು ಬಾಯಿಗಿಡುತ್ತೇನೆ. ಮೊದಲು ಮರದ ಒಗರು, ಅದರ ಹಿಂದೆಯೇ ಒಣದ್ರಾಕ್ಷಿಯ ಸಿಹಿ, ನುಂಗಿದ ಎಷ್ಟೋ ಹೊತ್ತಿನ ಮೇಲೂ ಗಂಟಲಲ್ಲಿ ಬಿಸಿಲು ಬಿದ್ದ ಮರದ ವಾಸನೆ. ಇಂಥದ್ದನ್ನು ನಾನು ಕುಡಿದಿಲ್ಲ, ಇನ್ನು ಕುಡಿಯುವುದೂ ಇಲ್ಲ.

ವೆಂಕಟಸ್ವಾಮಿಯವರೂ ಕಣ್ಣು ಮುಚ್ಚಿ ಕುಡಿಯುತ್ತಾರೆ. ಆಮೇಲೆ ಲೋಟ ಕೆಳಗಿಟ್ಟು, "ಇಷ್ಟನ್ನ ಯಾವ ಕ್ಲಬ್ಬಿಗೆ ಅಂತ ಕಳಿಸ್ಲಿ? ಟ್ಯಾಂಕಿಗೆ ಹುಯ್ಯಿ" ಅನ್ನುತ್ತಾರೆ. ಸೌದೆಯವನಿಗೆ ಸೋಮವಾರ ಬರಲು ಹೇಳಿ ಎಂದು ಗುಮಾಸ್ತರಿಗೆ ಕೂಗಿ ಹೊರಟುಹೋಗುತ್ತಾರೆ.

ಬಕೆಟ್ಟನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಮುನಿಯಲ್ಲಪ್ಪನವರೇ ಹೊತ್ತುಕೊಂಡು ಏಣಿ ಹತ್ತುತ್ತಾರೆ. ಟ್ಯಾಂಕಿನ ಬಾಯಿಗೆ ಬಗ್ಗಿಸುತ್ತಾರೆ. ಸುರಿಯುವ ಸದ್ದು ಬೇಗ ಮುಗಿಯುತ್ತದೆ.

ಕೆಳಗಿಳಿದು ಬಕೆಟ್ಟು ಬೋರಲು ಹಾಕಿ ಅದರ ಮೇಲೇ ಕೂರುತ್ತಾರೆ. ಏನಾದರೂ ಬರೆಯಬೇಕೇ ಎಂದು ಕೇಳುತ್ತೇನೆ.

"ಖಾಲಿ ಆಗಿತ್ತು ಅಂತ ಬರ್ಕಳಿ ಸ್ವಾಮಿ, ನಂದೇ ತಪ್ಪು. ಆದ್ರೆ ಕೆಟ್ಟಿರ್ಲಿಲ್ಲ. ನೀವೇ ಕುಡುದ್ರಲ್ಲ, ಕೆಟ್ಟಿರ್ಲಿಲ್ಲ ಅಂತ ಒಂದ್ ಮಾತು ಬರೀರಿ."