ಚಾವಡಿಯ ಕಪ್ಪು ಪಟ್ಟಿ

ನಮ್ಮ ಕಾಪುವಿನ ಮನೆಯ ನೆಲ ಮೊದಲು ಕೆಂಪು ಸಿಮೆಂಟಿನದು. ಎರಡು ಸಾವಿರದ ಇಸವಿ ಕಳೆದ ಮೇಲೆ ಸುತ್ತಲಿನ ಮನೆಗಳಿಗೆಲ್ಲ ಟೈಲ್ಸ್ ಬಂತು, ನನಗೂ ಬೇಕೆನಿಸಿತು. ಗಂಡ ಬೇಡವೆಂದರು, ನಾನು ಹಟ ಹಿಡಿದೆ. ಬಸ್ಸಿನಲ್ಲಿ ಮೂರು ಸಲ ಕಾರ್ಕಳಕ್ಕೆ ಹೋಗಿ, ಮುಖ ಕಾಣುವಷ್ಟು ಹೊಳೆಯುವ ಕಪ್ಪು ಗ್ರಾನೈಟ್ ಆರಿಸಿದೆ. ಮನೆಯವರೆಲ್ಲ ಕೂರುವ ಚಾವಡಿಗೆಲ್ಲ ಬಿಳಿ ಟೈಲ್ಸ್, ಬಚ್ಚಲಿಗೆ ಹೋಗುವ ದಾರಿಯಲ್ಲಿ ಅಡ್ಡಕ್ಕೆ ಎರಡಡಿ ಅಗಲದ ಕಪ್ಪು ಪಟ್ಟಿ. ಈ ಯೋಚನೆ ನನ್ನದೇ.

ಮಾಮಿಗೆ, ಅಂದರೆ ನನ್ನ ಅತ್ತೆಗೆ, ಆಗಲೇ ಮರೆವು ಶುರುವಾಗಿತ್ತು. ಮೀನಿನ ಬುಟ್ಟಿ ಹೊತ್ತು ಉಚ್ಚಿಲದವರೆಗೂ ಮನೆಮನೆ ತಿರುಗಿದವರು ಈಗ ಬಂಗುಡೆ ಯಾವುದು, ಭೂತಾಯಿ ಯಾವುದು ಎಂದು ತಡವರಿಸುತ್ತಿದ್ದರು. ಆದರೆ ಬಚ್ಚಲಿಗೆ ಮಾತ್ರ ಯಾರನ್ನೂ ಕರೆಯದೆ ತಾವೇ ಹೋಗಿ ಬರುತ್ತಿದ್ದರು. ಅವರ ಮಾನ ಅಷ್ಟರಲ್ಲೇ ಉಳಿದಿತ್ತು.

ನೆಲ ಹಾಕಲು ಬಂದ ಗದಗಿನ ಕಡೆಯ ಮೇಸ್ತ್ರಿ ಎರಡನೆಯ ದಿನವೇ ಕೆಲಸ ನಿಲ್ಲಿಸಿ ಹೇಳಿದ, "ಅಕ್ಕಾರ, ಅಜ್ಜಿ ಈ ಕರೀ ಕಲ್ಲಿಗೆ ಅಂಜತಾರ್ರೀ. ಬ್ಯಾರೆ ಬಣ್ಣ ಹಾಕೂಣೇನು?"

"ನಿಮಗೆ ಎಂತಕ್ಕೆ ಅದೆಲ್ಲ? ಹೇಳಿದ್ದು ಹಾಕಿ" ಎಂದೆ.

ಮುಂದೆ ದಿನಾ ಅದೇ ಪಾಡು. ಮಾಮಿ ಪಟ್ಟಿಯ ಅಂಚಿಗೆ ಬಂದು ನಿಲ್ಲುವರು, ಸೀರೆಯನ್ನು ಮೊಣಕಾಲಿನವರೆಗೆ ಎತ್ತುವರು, ಪಾದ ಮುಂದಿಟ್ಟು ಹಿಂದೆಗೆಯುವರು. ನಾನು ಕೈ ಹಿಡಿದು ಎಳೆದು ದಾಟಿಸುತ್ತಿದ್ದೆ.

ಮರೆವಿಗೆ ಮದ್ದು ಕೇಳಲು ಮಣಿಪಾಲಕ್ಕೆ ಹೋದೆವು. ಡಾಕ್ಟರು ಮಾಮಿಯನ್ನು ಕೋಣೆಯಲ್ಲಿ ನಡೆಸಿ ನೋಡಿದರು. ಬಾಗಿಲ ಬಳಿ ಹಾಸಿದ್ದ ಕಪ್ಪು ಮ್ಯಾಟಿನ ಎದುರು ಮಾಮಿ ಹಾಗೆಯೇ ನಿಂತುಬಿಟ್ಟರು.

"ಕಣ್ಣು ಸರಿ ಉಂಟು," ಡಾಕ್ಟರು ನಮ್ಮತ್ತ ತಿರುಗಿದರು. "ಕಣ್ಣು ತಂದುಕೊಟ್ಟದ್ದನ್ನು ಇದು ನೆಲ, ಇದು ಗುಂಡಿ ಅಂತ ಬಿಡಿಸಿ ಹೇಳುವುದು ಮೆದುಳು. ಇವರಿಗೆ ಅಲ್ಲಿಯೇ ತೊಂದರೆ. ಬಿಳಿಯ ಮಧ್ಯೆ ಕಪ್ಪು ಬಂದರೆ ಗುಂಡಿ ಕಂಡ ಹಾಗೆ ಆಗ್ತದೆ, ಹೊಳಪಿದ್ದರೆ ನೀರು. ಮನೆ ಕಟ್ಟುವವರು ಮೆದುಳಿನ ವಿಷಯವನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ನಿಮ್ಮಲ್ಲಿ ಅಂಥ ನೆಲ ಉಂಟಾ?"

"ಇಲ್ಲ" ಎಂದೆ.

ಯಾಕೆ ಹಾಗೆಂದೆ? ಬೇಡವೆಂದಿದ್ದ ಗಂಡ ಪಕ್ಕದಲ್ಲೇ ಕೂತಿದ್ದರು, ಅದಕ್ಕೇ. ಅವರು ನನ್ನ ಮುಖ ನೋಡಿದರು. ಬಸ್ಸು ಹತ್ತಿದ ಮೇಲೆ ಕೇಳಿದರು, "ಎಂತ ಸುಳ್ಳು ಹೇಳಿದ್ದು ನೀನು? ಇವತ್ತೇ ಒಂದು ಚಾಪೆ ಹಾಸು."

"ಅಂಬಲಪಾಡಿಯವರು ಬಂದು ಹೋಗಲಿ" ಎಂದೆ. ನಮ್ಮ ನೆಂಟರು ಆ ಭಾನುವಾರ ಹೊಸ ನೆಲ ನೋಡಲು ಬರುವವರಿದ್ದರು. ಚಾಪೆ ಹಾಸಿದರೆ ಅವರು ನೋಡುವುದೇನು?

ನೆಂಟರು ಬಂದರು, ಹೊಗಳಿದರು. ಕಾಫಿಯ ನಡುವೆ ಮಾಮಿ ಎದ್ದುಹೋಗಿ ಪಟ್ಟಿಯ ಬಳಿ ಸೀರೆ ಎತ್ತಿ ನಿಂತರು.

"ಎಂತ ಅತ್ತಿಗೆ, ಅಲ್ಲೇ ನಿಂತದ್ದು?" ಎಂದರು ನೆಂಟರಲ್ಲಿ ಹಿರಿಯಾಕೆ.

"ಉಬ್ಬರ ಬಂದಿದೆ. ನೀರಿಳಿಯಲಿ."

"ಉಬ್ಬರವಾ! ಹಾಗಾದರೆ ಚಾವಡಿಯಲ್ಲೇ ಬಲೆ ಹಾಕಬಹುದಲ್ವಾ ಮಾರಾಯ್ತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಣಿಪಾಲದಲ್ಲಿ ಕೇಳಿಸಿಕೊಂಡದ್ದೆಲ್ಲ ತಲೆಯಲ್ಲಿದ್ದೂ ನಕ್ಕೆ. ಅಷ್ಟರಲ್ಲಿ ಮಾಮಿಯ ಕಾಲಬುಡದ ಬಿಳಿ ಟೈಲ್ಸ್ ಒದ್ದೆಯಾಯಿತು. ನಗು ನಿಂತಿತು. ನಾಚಿಕೆಯಾದದ್ದು ನನಗೆ, ಬೈಸಿಕೊಂಡವರು ಅವರು. "ಬೇಕೆಂದೇ ಮಾಡುವುದು ಇವರು!" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಮಾಮಿ ಸೀರೆಯನ್ನು ಇನ್ನೂ ಎತ್ತಿಯೇ ಹಿಡಿದಿದ್ದರು. "ಇಳಿಯುತ್ತದೆ ಅಂತ ಕಾದೆ ಮಗಾ," ಎಂದರು, "ಇಳಿಯಲೇ ಇಲ್ಲ."

ಒರೆಸಿದೆ, ಅವರಿಗೆ ಸೀರೆ ಬದಲಿಸಿದೆ. ನೆಂಟರು ಬೇಗನೆ ಹೊರಟರು. ನಾನೇ ಅಟ್ಟದಿಂದ ತಿಳಿ ಬಣ್ಣದ ತೆಂಗಿನ ನಾರಿನ ಚಾಪೆ ಇಳಿಸಿ, ಪಟ್ಟಿ ಪೂರ್ತಿ ಮುಚ್ಚುವಂತೆ ಹಾಸಿ, ಜಾರದಂತೆ ಅಂಚಿಗೆ ಅಂಟು ಹಾಕಿದೆ. ಸಂಜೆ ಮಾಮಿ ಎದ್ದು ಬಂದರು. ಸೀರೆ ಎತ್ತಲಿಲ್ಲ, ನಿಲ್ಲಲಿಲ್ಲ, ನೇರ ನಡೆದು ಬಚ್ಚಲಿನ ಬಾಗಿಲು ಹಾಕಿಕೊಂಡರು. ಐದು ನಿಮಿಷದ ಕೆಲಸ. ಅದಕ್ಕೆ ನಾನು ಅವರನ್ನು ಅಷ್ಟು ದಿನ ದಡದಲ್ಲಿ ನಿಲ್ಲಿಸಿದ್ದೆ.

ಮುಂದಿನ ಸಲ ಮಣಿಪಾಲದಲ್ಲಿ, ಮಾಮಿಗೆ ಈಗ ಯಾರೂ ಕೈ ಹಿಡಿಯಬೇಕಿಲ್ಲ ಎಂದಾಗ ಡಾಕ್ಟರು ಕೇಳಿದರು, "ಈಗ ಬಚ್ಚಲಿಗೆ ಒಬ್ಬರೇ ಹೋಗ್ತಾರಾ? ಎಂತ ಮಾಡಿದಿರಿ?"

"ನೆಲಕ್ಕೆ ತಿಳಿ ಬಣ್ಣದ ಚಾಪೆ ಹಾಸಿದೆ" ಎಂದೆ. ಚಾಪೆಯ ಕೆಳಗೆ ಏನಿತ್ತೆಂದು ಹೇಳಲು ಆಗಲೂ ಬಾಯಿ ಬರಲಿಲ್ಲ.

ಅವರು ಪಕ್ಕದಲ್ಲಿ ನಿಂತಿದ್ದ ಕಲಿಯುವ ಹುಡುಗಿಯರತ್ತ ತಿರುಗಿ, "ನೋಡಿ, ಮನೆಯವರು ಹೀಗಿರಬೇಕು" ಎಂದರು. ನಾನು ತಲೆ ತಗ್ಗಿಸಿದೆ. ಸಂಕೋಚವೆಂದುಕೊಂಡಿರಬೇಕು, ಹುಡುಗಿಯರು ನನ್ನನ್ನು ನೋಡಿ ಮುಗುಳ್ನಕ್ಕರು. ಗಂಡ ಮದ್ದಿನ ಚೀಟಿಯನ್ನು ಮಡಚುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದರು.