೧೮೩೭ರ ಬೋರ್ಡು ಮತ್ತು ಮೈಸೂರು ಅರಮನೆ

ಟೆಕ್ಸಸ್‌ನ ಮಕ್ಕಳು ಬೆಳಿಗ್ಗೆ ಶಾಲೆಯಲ್ಲಿ ಒಂದಲ್ಲ, ಎರಡು ಬಾವುಟಗಳಿಗೆ ಪ್ರತಿಜ್ಞೆ ಹೇಳುತ್ತಾರೆ. ಒಂದು ದೇಶದ್ದು, ಇನ್ನೊಂದು ರಾಜ್ಯದ್ದು. ಇಲ್ಲಿಯ ಊರಾದ ಲಿಟಲ್ ಎಲ್ಮ್‌ಗೆ ಬಂದ ಮೊದಲ ವಾರ ಮಗಳು ಶ್ರಾವ್ಯ ಎದೆಯ ಮೇಲೆ ಕೈಯಿಟ್ಟು ಅದನ್ನು ಒಪ್ಪಿಸಿದಾಗ ನನ್ನ ಕೈಯ ಸೌಟು ಅಲ್ಲೇ ನಿಂತಿತು. ಹನ್ನೆರಡು ವರ್ಷ ಸುಳ್ಯದ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಟೆಕ್ಸಸ್ ಒಂದು ಕಾಲಕ್ಕೆ ತಾನೇ ಒಂದು ದೇಶವಾಗಿತ್ತೆಂದು ಏಳನೇ ಕ್ಲಾಸಿನ ಮಗಳಿಂದ ಕಲಿತೆ. ಗಂಡನ ವೀಸಾದ ಬಾಲ ಹಿಡಿದು ಬಂದ ನಾನು ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ನಾನು ಪಾಠ ಹೇಳಲು ಉಳಿದ ವಿದ್ಯಾರ್ಥಿನಿ ಅವಳೊಬ್ಬಳೇ.

ಹಾಗಾಗಿ, ೧೮೩೭ರಲ್ಲಿ ಜಗತ್ತಿನಲ್ಲಿ ಏನೇನಾಯಿತು ಎಂಬ ಪ್ರಾಜೆಕ್ಟು ಬಂದಾಗ ಹಬ್ಬ ನನಗೇ. ಊರಿನಲ್ಲಾದರೆ ಒಂದು ಚಾರ್ಟು, ಅಂಟಿಸಲು ನಾಲ್ಕು ಅಗುಳು ಅನ್ನ. ಇಲ್ಲಿ ಮೂರು ಮಡಿಕೆಯ ದಪ್ಪ ಬೋರ್ಡು, ಮಿನುಗುವ ಅಕ್ಷರಗಳು. ನಡುವಿನ ಮಡಿಕೆಗೆ ಇಂಗ್ಲೆಂಡಿನಲ್ಲಿ ಹದಿನೆಂಟರ ಹುಡುಗಿ ರಾಣಿಯಾದದ್ದು. ಎಡಕ್ಕೆ, ಟೆಕ್ಸಸ್ ಒಂದು ಸ್ವತಂತ್ರ ದೇಶವೆಂದು ಅಮೆರಿಕ ಒಪ್ಪಿದ್ದು. ಆ ಹೊಸ ದೇಶದಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರು ಎಂದೂ ಶ್ರಾವ್ಯ ಬರೆದಳು.

"ಬಲಗಡೆಗೆ ಎಂತ ಹಾಕುದಮ್ಮ?"

"ನಮ್ಮ ಊರೇ ಉಂಟಲ್ಲ ಮಾರಾಯ್ತಿ!"

ಅದೇ ವರ್ಷ ಸುಳ್ಯದ ಕಡೆಯ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದು, ಮಂಗಳೂರಿನವರೆಗೆ ನಡೆದು, ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿ, ಕೆಲವೇ ದಿನ ಆಳಿದರು. ಮುಂದಾಳುಗಳನ್ನು ಗಲ್ಲಿಗೇರಿಸಿದರು. ಹೇಳುತ್ತಾ ನನ್ನ ಹಳೆಯ ಕ್ಲಾಸು ನೆನಪಾಯಿತು. ಶ್ರಾವ್ಯ ಬಾವುಟವನ್ನೂ ನೇಣನ್ನೂ ತಾನೇ ಬಿಡಿಸಿದಳು. "ಇದು ರಿಯಲೀ ನಮ್ಮೂರಾ?" ಎಂದು ಎರಡು ಸಲ ಕೇಳಿದಳು.

ಬೋರ್ಡು ಒಯ್ಯುವ ಬೆಳಿಗ್ಗೆ ಪಕ್ಕದ ಮನೆಯ ಶೈಲಜಾ ಬಂದರು. ಬೆಂಗಳೂರಿನವರು, ಇಲ್ಲಿ ಹಳಬರು.

"ಅಯ್ಯೋ, ನೇಣೆಲ್ಲ ಯಾಕ್ರೀ? ಟೀಚರ್ ನೋಡಿದ್ರೆ ಕೌನ್ಸೆಲರ್ ಹತ್ರ ಕಳಿಸ್ತಾರೆ. ಸ್ಲೇವ್ಸ್ ವಿಷ್ಯನೂ ಬೇಡ, ಇಲ್ಲಿಯವ್ರಿಗೆ ಬೇಜಾರಾಗತ್ತೆ. ನನ್ ಹತ್ರ ಮೈಸೂರ್ ಪ್ಯಾಲೇಸ್ ಪ್ರಿಂಟ್ ಇದೆ, ಹಾಕಿ. ಎಲ್ಲರ ಮನೇಲೂ ಅಮ್ಮಂದಿರೇ ಮಾಡೋದು."

ನಾನು ಹೆದರಿದೆ. ಮಗಳು ಸ್ನಾನಕ್ಕೆ ಹೋದಾಗ ಅವಳ ಚಿತ್ರ ಕಿತ್ತು ಕಸದ ಬುಟ್ಟಿಗೆ ಹಾಕಿ ಅರಮನೆ ಅಂಟಿಸಿದೆ. ಮನುಷ್ಯರನ್ನು ಮಾರಿದ ಸಾಲಿನ ಮೇಲೆ ಟೆಕ್ಸಸ್ ಬಾವುಟದ ಸ್ಟಿಕರ್ ಹಚ್ಚಿದೆ. ಆ ಅರಮನೆ ಕಟ್ಟಿ ಮುಗಿಸಿದ್ದು ೧೮೩೭ ಕಳೆದು ಮುಕ್ಕಾಲು ಶತಮಾನಕ್ಕೆ. ಮೈತುಂಬ ಬಲ್ಬು ಬೇರೆ! ಗೊತ್ತಿದ್ದೇ ಅಂಟಿಸಿದೆ. ಇದನ್ನು ಬರೆಯುವಾಗಲೂ ನನ್ನ ಬಗ್ಗೆ ನನಗೆ ಹೇಸಿಗೆ. ಶ್ರಾವ್ಯ ಬಂದು ನೋಡಿದಳು, ಬೋರ್ಡು ಮಡಿಚಿದಳು.

ಸಂಜೆ ಶಾಲೆಯ ಪ್ರದರ್ಶನದಲ್ಲಿ ನಮ್ಮವರ ಬೋರ್ಡುಗಳೆಲ್ಲ ಒಂದೇ ತಾಯಿಯ ಮಕ್ಕಳಂತಿದ್ದವು. ಆನೆ, ನವಿಲು, ತಾಜಮಹಲು. ಒಂದರಲ್ಲೂ ಮಗುವಿನ ಕೈಯಿಲ್ಲ. ಪಕ್ಕದಲ್ಲಿ ಅಪ್ಪ ಅಮ್ಮ ಹಲ್ಲು ಕಿರಿದು ಫೋಟೋಕ್ಕೆ ನಿಂತಿದ್ದರು, ನಾನೂ ನಿಂತಿದ್ದೆ. ಟೀಚರ್ "ಬ್ಯೂಟಿಫುಲ್" ಎಂದು ಮೊದಲ ಬಹುಮಾನದ ನೀಲಿ ರಿಬ್ಬನ್ ಕಟ್ಟಿದರು. ಬಲ್ಬುಗಳ ಬಗ್ಗೆ ಯಾರೂ ಕೇಳಲಿಲ್ಲ.

ಕಾರಿನಲ್ಲಿ ಮಗಳು ರಿಬ್ಬನ್ನನ್ನು ನನ್ನ ಮಡಿಲಿಗೆ ಹಾಕಿದಳು. "ಇದು ನಿಂದು. ಅಮ್ಮ, ಸುಳ್ಯದವರು ಬಾವುಟ ಹಾರಿಸಿದ್ದು ಹೌದಾ? ಅದೂ ನೀನೇ ಸುಮ್ಮನೆ ಕಟ್ಟಿದ ಕತೆಯಾ?"

"ಇಲ್ಲ, ಅದು ಸತ್ಯ" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು.

ಭಾನುವಾರ ಊರಿಗೆ ಫೋನ್ ಮಾಡಿದಾಗ ಶ್ರಾವ್ಯ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಅಜ್ಜನನ್ನು ಅದೇ ಪ್ರಶ್ನೆ ಕೇಳಿದಳು. ಅಜ್ಜ ಅರ್ಧ ಗಂಟೆ ಹೇಳಿದರು. ಅವಳು ಕಸದ ಬುಟ್ಟಿಯಿಂದ ಅಂದೇ ಎತ್ತಿಟ್ಟಿದ್ದ ಚಿತ್ರವನ್ನು ತಂದು ಫ್ರಿಜ್ಜಿನ ಮೇಲೆ ಅಂಟಿಸಿದಳು.

ಈಗ ಬೆಳಿಗ್ಗೆ ಫ್ರಿಜ್ಜಿನ ಮೇಲಿನ ಆ ಮೂರನೆಯ ಬಾವುಟ ನೋಡಿ, ಉಳಿದೆರಡಕ್ಕೆ ಪ್ರತಿಜ್ಞೆ ಹೇಳಲು ಬಸ್ ಹತ್ತುತ್ತಾಳೆ. ಅವಳಿಗೆ ಊರೂ ಇದೆ, ಟೆಕ್ಸಸ್ಸೂ ಇದೆ. ಊರಿನ ಬಗ್ಗೆ ಏನಾದರೂ ಕೇಳಬೇಕೆಂದರೆ ಮಾತ್ರ ಭಾನುವಾರದವರೆಗೆ ಕಾಯುತ್ತಾಳೆ.